ಮಂಡಿ ರೈಟರ ಎಡಮೂಲೆ

ದೀಪಾವಳಿ ರಜೆ ಮುಗಿದ ಮೊದಲ ದಿನ. ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವ ಮೊದಲೇ ಅಡಿಕೆ ಮಂಡಿಯ ಲೆಕ್ಕ ಬರೆಯುವ ರೈಟರು ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಒಂದು ಕೈಯಲ್ಲಿ ಕೊಡೆ, ಕಂಕುಳಲ್ಲಿ ಕೆಂಪು ರಟ್ಟಿನ ಲೆಡ್ಜರ್. "ಎಂತ ಮಾಡಿಟ್ಟೆ ಮಾರಾಯ್ತಿ ನನ್ನ ಕಂಪ್ಯೂಟರಿಗೆ? ಸ್ಟಾರ್ಟೇ ಇಲ್ಲ ಅದರಲ್ಲಿ!"

ಸ್ಟಾರ್ಟ್ ಇತ್ತು. ಪ್ರೋಗ್ರಾಮುಗಳ ಪಟ್ಟಿ ತೆರೆಯುವ ಆ ಗುಂಡಿ ಪರದೆಯ ಎಡಮೂಲೆಯಿಂದ ಎದ್ದು ನಡುವೆ ಬಂದು ಕೂತಿತ್ತು. "ಅಲ್ಲೇ ನಡುವೆ ಇದೆಯಲ್ಲ ರೈಟರೇ, ಅಷ್ಟೇ" ಅಂದುಬಿಟ್ಟೆ. ಅವರು ಏನೂ ಹೇಳಲಿಲ್ಲ, ಮುಖ ಸಣ್ಣದು ಮಾಡಿಕೊಂಡು ಕೊಡೆ ಮಡಚಿದರು. ಆ "ಅಷ್ಟೇ" ಎರಡು ತಿಂಗಳಾದರೂ ನನ್ನ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.

ತೀರ್ಥಹಳ್ಳಿಯಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ಆನ್‌ಲೈನ್ ಅರ್ಜಿ, ಪಹಣಿ ಪ್ರಿಂಟು, ವೈಕುಂಠ ಸಮಾರಾಧನೆಯ ಪತ್ರ. ಇದರ ಜೊತೆಗೆ ಊರಿನ ಹದಿನೈದಿಪ್ಪತ್ತು ಕಂಪ್ಯೂಟರುಗಳ ಯೋಗಕ್ಷೇಮವೂ ನನ್ನದೇ. ಯಾರೂ ನನ್ನನ್ನು ಇಂಜಿನಿಯರ್ ಅನ್ನುವುದಿಲ್ಲ, ನಾನು ಇಂಜಿನಿಯರೂ ಅಲ್ಲ. ಆದರೆ ವೈರಸ್ ಬಂದರೆ, ಪ್ರಿಂಟರ್ ಕಾಗದ ಕಚ್ಚಿಕೊಂಡರೆ, ಮಳೆಗಾಲದ ಸಿಡಿಲಿಗೆ ಯುಪಿಎಸ್ ಸುಟ್ಟರೆ ಮೊದಲ ಫೋನ್ ನನಗೇ.

ಕಂಪ್ಯೂಟರನ್ನು ನಡೆಸುವ ಮೈಕ್ರೋಸಾಫ್ಟಿನ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯಿತು. 2015ರ ಜುಲೈನಲ್ಲಿ ಬಂದದ್ದು, ಹತ್ತು ವರ್ಷ ಬಾಳಿತು. ಬೆಂಬಲ ಮುಗಿಯಿತು ಅಂದರೆ ಕಂಪ್ಯೂಟರ್ ನಿಂತುಹೋಗುತ್ತದೆ ಅಂತಲ್ಲ; ಹೊಸದಾಗಿ ಗೊತ್ತಾಗುವ ಭದ್ರತೆಯ ಬಿರುಕುಗಳಿಗೆ ತೇಪೆ ಹಾಕುವವರು ಇರುವುದಿಲ್ಲ. ರೈಟರು ಬೆಳೆಗಾರರಿಗೆ ಬ್ಯಾಂಕಿನ ಹಣ ಕಳಿಸುವುದು ಅದೇ ಕಂಪ್ಯೂಟರಿನಿಂದ. ಕೊಯ್ಲು ಶುರುವಾದರೆ ಅದನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಹಬ್ಬದ ರಜೆಯಲ್ಲಿ ಮಂಡಿಯ ಬೀಗದ ಕೈ ಇಸಕೊಂಡು ಹೋಗಿ, ಒಂದೇ ಮಧ್ಯಾಹ್ನದಲ್ಲಿ ವಿಂಡೋಸ್ 11 ಹಾಕಿ ಬಂದೆ. ಹಳೆಯದೆಲ್ಲ ಅಳಿಸಿ ಹೊಸದಾಗಿಯೇ ಹಾಕಿದೆ. ಫೈಲುಗಳನ್ನು ಜೋಪಾನ ಮಾಡಿ ವಾಪಸ್ ಇಟ್ಟೆ. ಯಜಮಾನರಿಗೆ ಹೇಳಿದ್ದೆ. ದಿನಾ ಅದರ ಮುಂದೆ ಕೂರುವ ರೈಟರಿಗೆ ಹೇಳಿರಲಿಲ್ಲ.

ನನ್ನ ಅಂಗಡಿಯ ಒಂದು ಕಂಪ್ಯೂಟರಿನಲ್ಲಿ ಎರಡು ವರ್ಷದಿಂದ ಅದೇ ಇತ್ತು. ನನಗೆ ರೂಢಿಯಾಗಿತ್ತು. ನನಗೆ ರೂಢಿಯಾದದ್ದು ಇನ್ನೊಬ್ಬರಿಗೂ ಸಲೀಸು ಅಂತ ಅಂದುಕೊಂಡಿದ್ದು ನನ್ನದೇ ತಪ್ಪು. ಬೇರೆ ಯಾರದ್ದೂ ಅಲ್ಲ.

ಅವತ್ತು ರೈಟರ ಹಿಂದೆಯೇ ಮಂಡಿಗೆ ಹೋದೆ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಪರದೆ ನೋಡುವುದು ಬಿಟ್ಟು ಅವರ ಬಲಗೈಯನ್ನೇ ನೋಡಿದೆ. ಎಡಗೈಯಲ್ಲಿ ತೂಕದ ಚೀಟಿ. ಕಣ್ಣು ಚೀಟಿಯ ಮೇಲೆ. ಬಲಗೈ ಮೌಸ್ ಹಿಡಿದದ್ದೇ ತಡ, ಮಣಿಕಟ್ಟು ಒಂದು ಸಲ ಎಡಕ್ಕೆ, ತನ್ನ ಕಡೆಗೆ, ಸರ್ರನೆ ಎಳೆಯಿತು. ಹುಲ್ಲು ಕೊಯ್ಯುವಾಗ ಕತ್ತಿ ಎಳೆದ ಹಾಗೆ. ಬಾಣ ಪರದೆಯ ಎಡ ಕೆಳಮೂಲೆಗೆ ಹೋಗಿ ನಿಂತಿತು, ಬೆರಳು ಒತ್ತಿತು. ಇಷ್ಟೂ ಆಗುವಾಗ ಅವರು ಒಮ್ಮೆಯೂ ತಲೆ ಎತ್ತಿರಲಿಲ್ಲ. ತಲೆ ಎತ್ತಿದರೆ ಎದುರಿಗೆ ಹವಾಮಾನ, ಯಾವುದೋ ಊರಿನ ಸುದ್ದಿ, ಷೇರು ಪೇಟೆ. ಹೊಸದರಲ್ಲಿ ಆ ಮೂಲೆಯನ್ನು ಹವಾಮಾನದ ಗುಂಡಿಗೆ ಕೊಟ್ಟಿದ್ದಾರೆ. "ನೋಡು, ಮಳೆ ಬರ್ತದೆ ಅಂತ ನನಗೆ ಇದು ಹೇಳ್ಬೇಕನಾ?" ಅಂದರು ರೈಟರು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು.

ಮೂಲೆ ಎನ್ನುವುದು ಬರೀ ಒಂದು ಜಾಗವಲ್ಲ. ಪರದೆಯ ಮೂಲೆಗೆ ಹೋದ ಬಾಣ ಅಲ್ಲಿಂದ ಆಚೆ ಹೋಗಲಾರದು. ಎಷ್ಟು ಜೋರಾಗಿ ಎಳೆದರೂ ಅಲ್ಲೇ ತಡೆದು ನಿಲ್ಲುತ್ತದೆ. ಗುರಿ ಇಡದೆ ಮುಟ್ಟಬಹುದಾದ ಜಾಗ ಅದು. ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1954ರಲ್ಲೇ ಇದರ ಲೆಕ್ಕ ಹಾಕಿ ತೋರಿಸಿದ್ದಾರೆ: ಕೈ ಒಂದು ಗುರಿಯನ್ನು ಮುಟ್ಟಲು ತೆಗೆದುಕೊಳ್ಳುವ ಹೊತ್ತು, ಆ ಗುರಿ ಎಷ್ಟು ದೂರ ಇದೆ, ಎಷ್ಟು ಅಗಲ ಇದೆ ಎಂಬುದರ ಮೇಲೆ ನಿಲ್ಲುತ್ತದೆ. ಆಗ ಮೌಸೇ ಇರಲಿಲ್ಲ. ಪರದೆಯ ಮೂಲೆ ಈ ಲೆಕ್ಕದಲ್ಲಿ ಬಹಳ ಅಗಲದ ಗುರಿ, ತಪ್ಪಿ ಆಚೆ ಬೀಳುವ ಭಯವೇ ಇಲ್ಲವಲ್ಲ. ನಡುವಿನಲ್ಲಿರುವ ಗುಂಡಿಗೆ ಆ ಅನುಕೂಲ ಇಲ್ಲ. ಅದರ ಮೇಲೆ, ನಡುವಿನ ಸ್ಟಾರ್ಟ್ ಒಂದೇ ಕಡೆ ಕೂರುವುದೂ ಇಲ್ಲ. ಒಂದೊಂದು ಹೊಸ ಪ್ರೋಗ್ರಾಮ್ ತೆರೆದ ಹಾಗೆ ಸಾಲು ಉದ್ದವಾಗುತ್ತದೆ, ಸ್ಟಾರ್ಟ್ ಸ್ವಲ್ಪ ಸ್ವಲ್ಪ ಎಡಕ್ಕೆ ಸರಿಯುತ್ತದೆ. ಅದನ್ನು ಪ್ರತಿ ಸಲವೂ ಕಣ್ಣಿನಿಂದ ಹುಡುಕಬೇಕು.

ನನ್ನ ಅಮ್ಮ ಅಡಿಕೆ ಸುಲಿಯುತ್ತಿದ್ದದ್ದು ನೆನಪಾಯಿತು. ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೂ ಅಂಗಳದ ದೀಪದ ಕೆಳಗೆ ಏಳೆಂಟು ಜನ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಕೂತಿರುತ್ತಿದ್ದರು. ಕೂಲಿ ಡಬ್ಬದ ಲೆಕ್ಕದಲ್ಲಿ, ಆದ್ದರಿಂದ ಕೈ ನಿಲ್ಲುವ ಹಾಗಿಲ್ಲ. ಬಾಯಲ್ಲಿ ಊರ ಕಥೆ, ಕಣ್ಣು ಮಾತಾಡುವವರ ಮುಖದ ಮೇಲೆ, ಕೈ ಮಾತ್ರ ಕತ್ತಿಗೆ ಅಡಿಕೆ ಒತ್ತಿ ತಿರುಗಿಸಿ ಸಿಪ್ಪೆ ಎಳೆಯುತ್ತಲೇ ಇರುವುದು. ಒಂದು ವರ್ಷ ಯಾರೋ ಅಮ್ಮನ ಮೆಟ್ಟುಗತ್ತಿಯ ಮಣೆ ಬದಲಾಯಿಸಿದರು. ಹೊಸ ಮಣೆ ಹಳೆಯದಕ್ಕಿಂತ ಚೆಂದವೇ ಇತ್ತು, ಹಲಸಿನ ಮರದ್ದು. ಕತ್ತಿ ಮಾತ್ರ ಒಂದು ಬೆರಳಿನಷ್ಟು ಮೇಲಕ್ಕೆ ಬಂದಿತ್ತು. ಮೊದಲ ರಾತ್ರಿಯೇ ಅಮ್ಮನ ಹೆಬ್ಬೆರಳು ಸೀಳಿತು. ಆ ಗಾಯದ ಗುರುತು ಕೊನೆಯವರೆಗೂ ಇತ್ತು. ರೈಟರ ಪಕ್ಕದ ಸ್ಟೂಲಿನಲ್ಲಿ ಕೂತಾಗ ನನಗೆ ಅದೇ ಹೆಬ್ಬೆರಳು ಕಣ್ಣಿಗೆ ಕಟ್ಟಿತು.

ಮಂಡಿಯಲ್ಲೂ ಒಂದು ಗಾಯ ಆಯಿತು. ರೈಟರು ಎಕ್ಸೆಲ್‌ನಲ್ಲಿ ಎರಡು ಪುಸ್ತಕ ತೆರೆದಿಟ್ಟುಕೊಳ್ಳುತ್ತಾರೆ: ಹೋದ ವರ್ಷದ್ದು, ಈ ವರ್ಷದ್ದು. ಹಳೆಯದರಲ್ಲಿ ಪರದೆಯ ಕೆಳಗಿನ ಪಟ್ಟಿಯ (ಟಾಸ್ಕ್‌ಬಾರ್) ಮೇಲೆ ಎರಡಕ್ಕೂ ಬೇರೆ ಬೇರೆ ಗುಂಡಿ, ಮೇಲೆ ಹೆಸರು. ಹೊಸದನ್ನು ಹಾಕಿದಾಗ ಎರಡೂ ಒಂದೇ ಹಸಿರು ಚಿತ್ರದೊಳಗೆ ಸೇರಿಕೊಂಡವು, ಹೆಸರಿಲ್ಲ. ಅದನ್ನು ಬಿಡಿಸುವ ಸೆಟ್ಟಿಂಗ್ ಇದೆ, ನಾನು ಮಾಡಿಕೊಟ್ಟಿರಲಿಲ್ಲ. ಒಬ್ಬ ಬೆಳೆಗಾರರ 42 ಕಿಲೋ ಬೆಟ್ಟೆ ಅಡಿಕೆ ಹೋದ ವರ್ಷದ ಪುಸ್ತಕಕ್ಕೆ ಹೋಗಿ ಕೂತಿತು. ಸಂಜೆ ಚೀಟಿಗೂ ಪುಸ್ತಕಕ್ಕೂ ತಾಳೆಯಾಗಲಿಲ್ಲ. ಆ ಬೆಳೆಗಾರರು ಕೋಣಂದೂರಿನ ಕಡೆಯವರು, ಕೊನೆಯ ಬಸ್ಸಿಗೆ ಹೊರಟು ನಿಂತಿದ್ದರು. ರೈಟರು ಮೂರು ಸಲ ಕೂಡಿಸಿ, ಬೆವರಿ, ಕಡೆಗೆ ನನಗೆ ಫೋನ್ ಮಾಡಿದರು. ನಲವತ್ತು ವರ್ಷದಲ್ಲಿ ಒಂದು ಚೀಟಿ ತಪ್ಪದ ಮನುಷ್ಯ. ಬಸ್ಸು ಹೋಯಿತು. ಆ ಬೆಳೆಗಾರರನ್ನು ಯಜಮಾನರು ಜೀಪಿನಲ್ಲಿ ಬಿಟ್ಟುಬಂದರು.

ಈ ಹೆಸರಿನ ಪಟ್ಟಿಯ ವಿಷಯದಲ್ಲಿ ರೈಟರು ಒಬ್ಬರೇ ಅಲ್ಲ. 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಹೊರಬಂದಾಗ, ಗುಂಡಿಗಳನ್ನು ಬೇರೆ ಬೇರೆಯಾಗಿ ಹೆಸರಿನ ಸಮೇತ ಇಡುವ ಆಯ್ಕೆಯೇ ಇರಲಿಲ್ಲ. ಕೆಳಗಿನ ಪಟ್ಟಿಯನ್ನು ಮೇಲಕ್ಕೋ ಪಕ್ಕಕ್ಕೋ ಎಳೆದುಕೊಳ್ಳುವ ಸೌಕರ್ಯವನ್ನೂ ತೆಗೆದಿದ್ದರು. ಲೋಕದ ತುಂಬಾ ಜನ ಕೇಳಿದರು, ಬೇಡಿದರು. ಹೆಸರು ವಾಪಸ್ ಬಂದದ್ದು 2023ರಲ್ಲಿ. ರೈಟ್ ಕ್ಲಿಕ್ ಮಾಡಿದಾಗ ಬರುವ ಪಟ್ಟಿಯಲ್ಲೂ ಇದೇ ಕಥೆ: ಕಟ್, ಕಾಪಿ, ಪೇಸ್ಟ್ ಎಂಬ ಪದಗಳಿದ್ದ ಕಡೆ ಮೊದಲು ಬರೀ ಸಣ್ಣ ಚಿತ್ರಗಳು ಬಂದವು, 2024ರ ಆವೃತ್ತಿಯಲ್ಲಿ ಆ ಚಿತ್ರಗಳ ಕೆಳಗೆ ಮತ್ತೆ ಪದ ಬಂತು. ಹಳೆಯ ಉದ್ದ ಪಟ್ಟಿ ಬೇಕಾದರೆ ಶಿಫ್ಟ್ ಒತ್ತಿ ಹಿಡಿದು ರೈಟ್ ಕ್ಲಿಕ್ ಮಾಡಬೇಕು. ಇದನ್ನು ಮಾತ್ರ ದಯವಿಟ್ಟು ಎಲ್ಲರೂ ಗುರುತು ಹಾಕಿಕೊಳ್ಳಿ, ದಿನಕ್ಕೆ ಹತ್ತು ಸಲ ಬೇಕಾಗುತ್ತದೆ.

ಇಂಗ್ಲಿಷ್ ಓದಲು ಸರಾಗ ಬಾರದವರಿಗೆ ಚಿತ್ರವೇ ಒಳ್ಳೆಯದಲ್ಲವಾ ಅಂತ ಕೇಳುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ರೈಟರಂಥವರು "ಕಾಪಿ" ಎಂಬ ಪದವನ್ನು ಓದುವುದೇ ಇಲ್ಲ. ಮೇಲಿನಿಂದ ಇಷ್ಟನೇ ಸಾಲು, ಇಷ್ಟು ಉದ್ದ, ಹಾಗೆ ಆಕಾರದಿಂದ ಗುರುತು ಹಿಡಿದಿರುತ್ತಾರೆ. ನಾವು ಮನೆಯ ದನವನ್ನು ದೂರದಿಂದಲೇ ನಡಿಗೆಯಲ್ಲಿ ಗುರುತು ಹಿಡಿಯುವುದಿಲ್ಲವಾ, ಹಾಗೆ.

ನಮ್ಮ ಅಂಗಡಿಯ ಹುಡುಗಿಗೆ ಇದೆಲ್ಲ ಅರ್ಥವೇ ಆಗುವುದಿಲ್ಲ. ಬಿಕಾಂ ಎರಡನೇ ವರ್ಷ, ಮಧ್ಯಾಹ್ನ ಕಾಲೇಜು ಮುಗಿಸಿ ಬರುತ್ತಾಳೆ. ಅವಳ ಕಂಪ್ಯೂಟರಿಗೆ ಹೊಸದನ್ನು ಹಾಕಿದ ದಿನ ಕುಣಿದಾಡಿದಳು. "ಅಕ್ಕಾ, ಎಷ್ಟ್ ಚೆಂದ ಆಗಿದೆ! ನನ್ನ ಫೋನಿನ ಹಂಗೇ ಇದೆ." ಮೂಲೆ ದುಂಡಗಾಗಿದೆ, ಬಣ್ಣ ತಣ್ಣಗಿದೆ, ಕಣ್ಣು ಉರಿಯುವುದಿಲ್ಲ. ಸ್ಟಾರ್ಟ್ ಎಲ್ಲಿದೆ ಅಂತ ಅವಳು ನೋಡಲೇ ಇಲ್ಲ. ಕೀಬೋರ್ಡಿನಲ್ಲಿ ವಿಂಡೋಸ್ ಗುಂಡಿ ಒತ್ತಿ, ಬೇಕಾದದ್ದರ ಮೊದಲ ಎರಡಕ್ಷರ ಟೈಪ್ ಮಾಡಿ, ಎಂಟರ್. ಅವಳ ದಾರಿ ಯಾವ ಆವೃತ್ತಿಯಲ್ಲೂ ಬದಲಾಗಿಲ್ಲ. ಇದು ನನಗೆ ಹೊಸದಾಗಿ ಕಂಡ ಸಂಗತಿ. ಹೊಸದು ಚೆಂದವೋ ಹಳೆಯದು ಚೆಂದವೋ ಎಂಬ ಜಗಳದಲ್ಲಿ ವಯಸ್ಸಿನ ಮಾತು ಎತ್ತುತ್ತಾರೆ, ಮುದುಕರಿಗೆ ಬದಲಾವಣೆ ಆಗುವುದಿಲ್ಲ ಅನ್ನುತ್ತಾರೆ. ಅದಲ್ಲ. ಹೆಸರು ಹೇಳಿ ಕರೆಯುವವರು ಒಂದು ಬಗೆ, ಜಾಗ ನೋಡಿ ಹೋಗುವವರು ಇನ್ನೊಂದು ಬಗೆ. ಮನೆ ಬದಲಾದರೆ ತೊಂದರೆ ಎರಡನೆಯವರಿಗೆ.

ಈ ಜಗಳ ಹೊಸದೂ ಅಲ್ಲ. ಸ್ಟಾರ್ಟ್ ಬಟನ್ ಹುಟ್ಟಿದ್ದು ವಿಂಡೋಸ್ 95ರಲ್ಲಿ. ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದ ಕಾಲ. ನಾವು ಹುಡುಗಿಯರು ಟೈಪ್‌ರೈಟರ್ ಮುಗಿಸಿ ಪಕ್ಕದ ಕೋಣೆಯ ಕಂಪ್ಯೂಟರನ್ನು ಬಾಗಿಲಿನಿಂದ ಇಣುಕಿ ನೋಡುತ್ತಿದ್ದೆವು. ಅಲ್ಲಿಂದ ಹದಿನೇಳು ವರ್ಷ ಆ ಗುಂಡಿ ಎಡಮೂಲೆಯಲ್ಲೇ ಇತ್ತು. 2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಬಂದಾಗ ಗುಂಡಿಯನ್ನೇ ತೆಗೆದುಹಾಕಿದರು. ಬಣ್ಣಬಣ್ಣದ ಚೌಕಗಳು ಪರದೆ ತುಂಬಿದವು. ಕಂಪ್ಯೂಟರ್ ಆಫ್ ಮಾಡಬೇಕಾದರೆ ಬಾಣವನ್ನು ಬಲಮೂಲೆಗೆ ಒಯ್ದು, ಅಡಗಿದ್ದ ಪಟ್ಟಿ ಹೊರಬರುವವರೆಗೆ ಕಾಯಬೇಕಿತ್ತು. ಬೆರಳಿನಿಂದ ಮುಟ್ಟುವ ಪರದೆಗೆ ಮಾಡಿದ ವಿನ್ಯಾಸವನ್ನು ಮೌಸ್ ಹಿಡಿದವರ ಕೈಗೂ ಕೊಟ್ಟರು. ಜಗತ್ತೇ ಕೂಗಿತು. ಒಂದು ವರ್ಷದಲ್ಲಿ, 8.1ರಲ್ಲಿ, ಗುಂಡಿ ಮರಳಿ ಮೂಲೆಗೆ ಬಂತು. ಅದರ ಮೆನು ಪೂರ್ತಿಯಾಗಿ ಬರಲು ವಿಂಡೋಸ್ 10ರವರೆಗೆ ಕಾಯಬೇಕಾಯಿತು.

ಈಗ ತುಂಗಾ ವಿಷಯ. ಇದನ್ನು ಹೇಳದೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಮ್ಮ ಅಂಗಡಿಯಿಂದ ಕಮಾನಿನ ಸೇತುವೆಗೆ ಐದು ನಿಮಿಷದ ನಡಿಗೆ. ಕೆಳಗೆ ತುಂಗೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರ ಜೊತೆ ಬಂದ ಕನ್ನಡ ಅಕ್ಷರಶೈಲಿಯ ಹೆಸರು "ತುಂಗಾ". ಹೊರಗಿನಿಂದ ಬೇರೆ ಫಾಂಟ್ ತಂದು ಹಾಕಿಕೊಳ್ಳದೆ ಕಂಪ್ಯೂಟರಿನಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡ ಕಾಣಿಸಿದ್ದು ಅದರಿಂದಲೇ. ನಾನು ಮೊದಲ ಸಲ ಫಾಂಟ್ ಪಟ್ಟಿಯಲ್ಲಿ ಆ ಹೆಸರು ನೋಡಿದಾಗ, ಎಲ್ಲೋ ದೂರದ ದೇಶದ ಯಾರೋ ನಮ್ಮ ಹೊಳೆಯ ಹೆಸರು ಹಿಡಿದು ಕರೆದ ಹಾಗೆ ಅನಿಸಿ, ಬಸ್‌ಸ್ಟ್ಯಾಂಡಿನ ಹಣ್ಣಿನ ಅಂಗಡಿಯವರನ್ನೂ ಕರೆದು ತೋರಿಸಿದ್ದೆ. ಅಚ್ಚಿನ ಕೆಲಸಕ್ಕೆ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಅಕ್ಷರಗಳನ್ನೇ ಬಳಸುತ್ತಿದ್ದೆವು. ಆದರೆ ಮನೆಮಂದಿಯ ಪತ್ರ, ಸಂಘದ ನಡವಳಿ, ಸಣ್ಣ ಕಾರ್ಡು ಇವಕ್ಕೆಲ್ಲ ನನ್ನ ಅಂಗಡಿಯಲ್ಲಿ ತುಂಗಾ.

ವಿಂಡೋಸ್ 8ರಿಂದ ಭಾರತದ ಭಾಷೆಗಳಿಗೆಲ್ಲ ಸೇರಿಸಿ ನಿರ್ಮಲಾ ಯುಐ ಎಂಬ ಒಂದೇ ಶೈಲಿ ಬಂತು. ವಿಂಡೋಸ್ 10ರಿಂದ ತುಂಗಾ ಐಚ್ಛಿಕ ಪಟ್ಟಿಗೆ ಹೋಯಿತು. ಕನ್ನಡವನ್ನು ಭಾಷೆಗಳ ಸಾಲಿಗೆ ಸೇರಿಸಿದರೆ ಬರುತ್ತದೆ, ಅಥವಾ ಸೆಟ್ಟಿಂಗ್ಸ್‌ನಲ್ಲಿ ಐಚ್ಛಿಕ ಫೀಚರ್‌ಗಳ ಒಳಗೆ ಕನ್ನಡದ ಪೂರಕ ಫಾಂಟ್ ಅಂತ ಹುಡುಕಿ ಹಾಕಿಕೊಳ್ಳಬೇಕು. ನನ್ನ ಹಳೆಯ ಕಂಪ್ಯೂಟರಿನಲ್ಲಿ ಯಾವಾಗಲೋ ಹಾಕಿದ್ದೆ, ಹಾಕಿದ್ದು ಮರೆತೂ ಹೋಗಿತ್ತು. ಹಬ್ಬದ ರಜೆಯಲ್ಲಿ ಆ ಹಳೆಯದನ್ನೂ ಅಳಿಸಿ ವಿಂಡೋಸ್ 11 ಹೊಸದಾಗಿ ಹಾಕಿದೆ, ಆಗ ತುಂಗಾ ಹೋಯಿತು. ನನಗೆ ಗೊತ್ತೇ ಆಗಲಿಲ್ಲ. ಯಾಕೆಂದರೆ ಅಕ್ಷರ ಮಾಯವಾಗುವುದಿಲ್ಲ; ಅದರ ಜಾಗದಲ್ಲಿ ನಿರ್ಮಲಾ ಬಂದು ಕೂರುತ್ತದೆ, ಎಲ್ಲ ಸರಿಯಾಗಿರುವ ಹಾಗೇ ಕಾಣುತ್ತದೆ.

ನವೆಂಬರಿನಲ್ಲಿ ದೇವಂಗಿ ಕಡೆಯ ಒಬ್ಬರು ಮಗಳ ಮದುವೆ ಕಾಗದಕ್ಕೆ ಬಂದರು. ಆರು ವರ್ಷದ ಹಿಂದೆ ದೊಡ್ಡ ಮಗಳ ಕಾಗದವನ್ನೂ ನಾನೇ ಮಾಡಿದ್ದು. "ಅದೇ ಥರ ಮಾಡ್ಕೊಡಿ, ಹೆಸರು ಮಾತ್ರ ಬೇರೆ" ಅಂದರು. ಹಳೆಯ ಫೈಲ್ ತೆಗೆದು, ಹೆಸರು ತಿದ್ದಿ, ಐವತ್ತು ಕಾರ್ಡು ಅಚ್ಚಿಗೆ ಹಾಕಿದೆ. ಅವರು ಒಂದು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ಅಮ್ಮಾ, ನಮ್ಮ ಅಪ್ಪಯ್ಯನ ಹೆಸರು ಎರಡು ಸಾಲಿಗೆ ಹರಿದಿದೆಯಲ್ಲ."

ಹೌದು. ಎರಡು ಶೈಲಿಗಳ ಅಳತೆ ಒಂದೇ ಅಲ್ಲ. ತೀರಿಕೊಂಡ ಅಜ್ಜನ ಹೆಸರಿನ ಅರ್ಧ ಮೇಲಿನ ಸಾಲಿನ ಕೊನೆಗೆ, ಉಳಿದರ್ಧ "ರವರ ಮೊಮ್ಮಗಳು" ಜೊತೆಗೆ ಕೆಳಗೆ. ಒತ್ತಕ್ಷರಗಳು ಕೆಳಗಿನ ಗೆರೆಯ ಬಳ್ಳಿಚಿತ್ರಕ್ಕೆ ತಾಗಿಕೊಂಡಿದ್ದವು. ಅವರು ಸಿಟ್ಟು ಮಾಡಲಿಲ್ಲ, ಬೇಜಾರು ಮಾಡಿಕೊಂಡರು. ನನಗೆ ಅದಕ್ಕಿಂತ ಸಿಟ್ಟೇ ಮೇಲಾಗಿತ್ತು. ಐವತ್ತು ಕಾರ್ಡನ್ನು ಪಕ್ಕಕ್ಕಿಟ್ಟು, ತುಂಗಾ ಹಾಕಿಕೊಂಡು, ಅವರ ಎದುರಿಗೇ ಮತ್ತೆ ಮಾಡಿದೆ. ಹೆಸರು ಒಂದೇ ಸಾಲಿನಲ್ಲಿ ಕೂತಿತು. ಈಗ ಯಾವ ಕಂಪ್ಯೂಟರಿಗೆ ಏನೇ ಹೊಸದು ಹಾಕಿದರೂ ನಾನು ಮೊದಲು ಹಾಕುವುದು ತುಂಗಾ.

ಇನ್ನೊಂದು ಬಗೆಯ ಅನುಭವವೂ ಆಯಿತು. ಮೇಳಿಗೆಯಲ್ಲಿ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ದವರು ಇದ್ದಾರೆ. ಎಪ್ಪತ್ತೆಂಟು ದಾಟಿದೆ, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಎರಡು ತಾಸು ತಮ್ಮ ಸೀಮೆಯ ಹಳೆಯ ಮನೆತನಗಳ ಚರಿತ್ರೆ ಟೈಪ್ ಮಾಡುತ್ತಾರೆ. ಅವರ ಕಂಪ್ಯೂಟರ್ 2013ರದ್ದು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಚಿಪ್ ಇರಬೇಕು, ಕೀಲಿಗಳನ್ನು ಗುಟ್ಟಾಗಿ ಕಾಪಾಡುವಂಥದ್ದು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನಿಂದ ಈಚಿನದಾಗಬೇಕು. ಮೇಷ್ಟ್ರದ್ದಕ್ಕೆ ಎರಡೂ ಇಲ್ಲ. ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ನನಗೂ ಮನಸ್ಸಿಲ್ಲ, ಪಿಂಚಣಿಯಲ್ಲಿ ಹೊಸದು ಕೊಳ್ಳಿ ಅನ್ನಲೂ ಬಾಯಿ ಬರಲಿಲ್ಲ. ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್ ಹಾಕಿದೆ. ಈ ಸಲ ಮೊದಲೇ ಹೇಳಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಹೆದರಿದ್ದೆ. ಇದು ಹೊಸ ಆವೃತ್ತಿಯಲ್ಲ, ಬೇರೆ ವ್ಯವಸ್ಥೆಯೇ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕೂತರು. ಕೈ ಎಡಮೂಲೆಗೆ ಹೋಯಿತು. ಅಲ್ಲಿ ಮೆನು ಇತ್ತು. ತೆರೆದರು, ಬರೆಯುವ ಪ್ರೋಗ್ರಾಮ್ ಹುಡುಕಿದರು, ತಮ್ಮ ಫೈಲ್ ತೆರೆದರು. ನಾನು ಕನ್ನಡ ಟೈಪಿಂಗಿನ ಸಾಧನವಾದ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಹಾಕಿಟ್ಟಿದ್ದೆ. ಅದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ನುಡಿಯಲ್ಲಿ ನಾವೆಲ್ಲ ಕಲಿತದ್ದು. ಮೇಷ್ಟ್ರ ಬೆರಳುಗಳು ಒಂದು ಸಾಲು ಬರೆದವು, ಒಂದು ಅರ್ಕಾವೊತ್ತೂ ತಪ್ಪಲಿಲ್ಲ. "ಮಗೂ, ಎಂತ ಬದಲಾಯಿಸಿದೆ ನೀನು? ಮೊದಲಿನ ಹಾಗೇ ಇದೆಯಲ್ಲ" ಅಂದರು. ಒಳಗಿನ ಯಂತ್ರವೆಲ್ಲ ಬದಲಾಗಿತ್ತು. ಅವರ ಕೈಗೆ ಸಿಗುವ ಜಾಗಗಳು ಮಾತ್ರ ಹಾಗೇ ಇದ್ದವು.

ಹಾಗೆ ಇರುವುದೂ ಸುಮ್ಮನೆ ಆದದ್ದಲ್ಲ. ಲಿನಕ್ಸಿನಲ್ಲೂ ಇಂಥದೇ ಗಲಾಟೆ ನಡೆದಿತ್ತು. 2011ರ ಏಪ್ರಿಲ್‌ನಲ್ಲಿ ಗ್ನೋಮ್ ಎಂಬ ಪರದೆ ವಿನ್ಯಾಸದ 3ನೇ ಆವೃತ್ತಿ ಬಂದು, ಕೆಳಗಿನ ಪಟ್ಟಿ, ಮೆನು ಎಲ್ಲವನ್ನೂ ಬಿಟ್ಟು ಹೊಸ ದಾರಿ ಹಿಡಿಯಿತು. ಅದೇ ತಿಂಗಳು ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್ ತನ್ನ ಯೂನಿಟಿ ವಿನ್ಯಾಸವನ್ನು ಎಲ್ಲರ ಮುಂದಿಟ್ಟಿತು. ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೊರ್ವಾಲ್ಡ್ಸ್ ಅವರೇ ಗ್ನೋಮ್ 3 ಬೇಡವೆಂದು ಬಹಿರಂಗವಾಗಿ ಹೇಳಿ ಇನ್ನೊಂದು ವಿನ್ಯಾಸವಾದ ಎಕ್ಸ್‌ಎಫ್‌ಸಿಇಗೆ ಹೋದರು; ಆಮೇಲೆ ಗ್ನೋಮ್‌ಗೇ ಮರಳಿದರು. ಆದರೆ ಆ ಲೋಕದಲ್ಲಿ ಒಂದು ಅನುಕೂಲ ಇದೆ, ಪ್ರೋಗ್ರಾಮಿನ ಮೂಲ ಬರಹ ಎಲ್ಲರ ಕೈಗೂ ಸಿಗುತ್ತದೆ. ಹಳೆಯದು ಬೇಕು ಅನ್ನುವವರು ಗ್ನೋಮ್ 2ರ ಬರಹವನ್ನೇ ತೆಗೆದುಕೊಂಡು ಮಾಟೆ ಎಂಬ ಹೆಸರಿನಲ್ಲಿ ಬೆಳೆಸಿದರು. ದಕ್ಷಿಣ ಅಮೆರಿಕದವರು ಕುಡಿಯುವ ಒಂದು ಎಲೆಯ ಕಷಾಯದ ಹೆಸರಂತೆ ಅದು. ಮಿಂಟ್‌ನವರು ಹೊಸ ಗ್ನೋಮ್‌ನ ಮೇಲೆಯೇ ಹಳೆಯ ರೂಪವನ್ನು ಕಟ್ಟಿ ಸಿನಮನ್ ಎಂದು ಕರೆದರು, ಅಂದರೆ ದಾಲ್ಚಿನ್ನಿ. ಮೇಷ್ಟ್ರ ಮೇಜಿನ ಮೇಲಿರುವುದು ಅದೇ. ಯೂನಿಟಿಯನ್ನು ಕೈಬಿಡುವುದಾಗಿ ಉಬುಂಟು 2017ರಲ್ಲಿ ಹೇಳಿತು. ಆಗ ಅದನ್ನೇ ರೂಢಿ ಮಾಡಿಕೊಂಡಿದ್ದವರು ನೊಂದುಕೊಂಡರು.

ಕೊಪ್ಪ ಸರ್ಕಲ್ ಹತ್ತಿರದ ಫೋಟೋ ಸ್ಟುಡಿಯೋದವರ ಬಳಿ ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರ್ ಇದೆ. 2025ರ ಸೆಪ್ಟೆಂಬರಿನಲ್ಲಿ ಅದರ ಹೊಸ ಆವೃತ್ತಿ ಮ್ಯಾಕ್‌ಓಎಸ್ ಟಾಹೊ ಬಂದು, ಎಲ್ಲ ಗಾಜಿನ ಹಾಗೆ ಪಾರದರ್ಶಕ ಆಗಿದೆ. ಅವರಿಗೆ ಬಹಳ ಇಷ್ಟ. ಫೋಟೋ ನೋಡುವವರಿಗೆ ಹಿಂದಿನ ಬಣ್ಣ ಮುಚ್ಚದಿದ್ದರೆ ಒಳ್ಳೆಯದೇ. ಅವರ ಹೆಂಡತಿ ಬಿಲ್ ಬರೆಯುವವರು, ಅಕ್ಷರ ಕಾಣುವುದಿಲ್ಲ ಅಂದರು. ಪಾರದರ್ಶಕತೆ ಕಡಿಮೆ ಮಾಡುವ ಸೆಟ್ಟಿಂಗ್ ತೋರಿಸಿಕೊಟ್ಟು ಬಂದೆ. ಒಂದೇ ಮನೆ, ಒಂದೇ ಯಂತ್ರ, ಇಬ್ಬರದ್ದೂ ಸರಿ.

ನನಗೆ ಹೊಸದರಲ್ಲಿ ಏನೂ ಇಷ್ಟವಿಲ್ಲ ಅಂತ ಯಾರೂ ತಿಳಿಯಬಾರದು. ಕಿಟಕಿಯನ್ನು ದೊಡ್ಡದು ಮಾಡುವ ಗುಂಡಿಯ ಮೇಲೆ ಬಾಣ ನಿಲ್ಲಿಸಿದರೆ, ಪರದೆಯನ್ನು ಹೇಗೆ ಭಾಗ ಮಾಡಲಿ ಅಂತ ಸಣ್ಣ ನಕ್ಷೆ ತೋರಿಸುತ್ತದೆ. ಎಡಕ್ಕೆ ಗಿರಾಕಿ ಕಳಿಸಿದ ಕೈಬರಹದ ಫೋಟೋ, ಬಲಕ್ಕೆ ನನ್ನ ಟೈಪಿಂಗ್. ಕರಡು ತಿದ್ದುವಾಗ ಕತ್ತು ನೋಯುವುದು ನಿಂತಿದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸಕ್ಕೆ ಇಷ್ಟು ಉಪಕಾರವಾದ ಬದಲಾವಣೆ ಇನ್ನೊಂದಿಲ್ಲ. ಅದು ನನ್ನಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಇದ್ದ ಗುಂಡಿ ಇದ್ದಲ್ಲೇ ಇದೆ, ಅದರ ಮೇಲೆ ಹೊಸದೊಂದು ಚಿಗುರಿದೆ. ಎಲ್ಲ ಬದಲಾವಣೆಯೂ ಹೀಗೇ ಬಂದಿದ್ದರೆ ನನ್ನ ಮೆಟ್ಟಿಲ ಮೇಲೆ ಯಾರೂ ಬಂದು ನಿಲ್ಲುತ್ತಿರಲಿಲ್ಲ.

ಆ 42 ಕಿಲೋ ಬೆಟ್ಟೆಯ ಮಾರನೇ ದಿನ ಮಂಡಿಗೆ ಹೋಗಿ ಅರ್ಧ ದಿನ ಕೂತೆ. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ಅಂತ ಆರಿಸಿದೆ, ಸ್ಟಾರ್ಟ್ ತನ್ನ ಮೂಲೆಗೆ ಹೋಯಿತು. ಹವಾಮಾನದ ಗುಂಡಿ ತೆಗೆದೆ. ಗುಂಡಿಗಳು ಒಂದಾಗದ ಹಾಗೆ, ಹೆಸರು ಕಾಣುವ ಹಾಗೆ ಮಾಡಿದೆ. ಹೋದ ವರ್ಷದ ಪುಸ್ತಕದ ಹಾಳೆಗೆ ಹಳದಿ ಬಣ್ಣ ಬಳಿದೆ. ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡುವುದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ, ತುಂಗಾದಲ್ಲೇ, ಪ್ರಿಂಟ್ ತೆಗೆದು ಮಾನಿಟರಿನ ಕೆಳಗೆ ಅಂಟಿಸಿದೆ. ಆಮೇಲೆ ರೈಟರಿಗೆ, "ನಿಮ್ಮನ್ನ ಕೇಳದೆ ಮುಟ್ಟಬಾರದಿತ್ತು ರೈಟರೇ, ತಪ್ಪಾಯ್ತು" ಅಂದೆ. ಅವರು ಚೀಟಿಯಿಂದ ತಲೆ ಎತ್ತಲಿಲ್ಲ. "ಕವಳ ಹಾಕ್ತೀಯನಾ?" ಅಂತ ಎಲೆಯಡಿಕೆ ತಟ್ಟೆ ಸರಿಸಿದರು.

ಮಂಡಿಯ ಹಿಂದಿನ ಕೋಣೆಯಲ್ಲಿ ಇನ್ನೂ ಎರಡು ಕಂಪ್ಯೂಟರ್ ವಿಂಡೋಸ್ 10ರಲ್ಲೇ ಇವೆ. ಭದ್ರತಾ ಅಪ್‌ಡೇಟ್‌ಗೆ ಒಂದು ವರ್ಷದ ವಿಸ್ತರಣೆ ಕೊಟ್ಟಿದ್ದಾರೆ, 2026ರ ಅಕ್ಟೋಬರ್ 13ರವರೆಗೆ. ಎರಡನ್ನೂ ಅದಕ್ಕೆ ನೋಂದಾಯಿಸಿದ್ದೇನೆ. ಮೊನ್ನೆ ಎಳ್ಳಮಾವಾಸ್ಯೆ ಜಾತ್ರೆ ಮುಗಿಸಿ ಹೊಸ ವರ್ಷದ ಕ್ಯಾಲೆಂಡರ್ ಕೊಡಲು ಹೋದಾಗ ರೈಟರಿಗೆ ಈ ತಾರೀಕು ಹೇಳಿದೆ. ಅವರು ಕ್ಯಾಲೆಂಡರನ್ನು ಅಲ್ಲೇ ಬಿಚ್ಚಿ, ಒಂಬತ್ತು ಹಾಳೆ ಮೇಲಕ್ಕೆತ್ತಿ, ಅಕ್ಟೋಬರ್ ಹುಡುಕಿದರು. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಹದಿಮೂರಕ್ಕೆ ಸುತ್ತು ಹಾಕಿದರು. ಸ್ವಲ್ಪ ಯೋಚನೆ ಮಾಡಿ, ಒಂದು ತಿಂಗಳು ಹಿಂದಕ್ಕೆ ಬಂದು ಸೆಪ್ಟೆಂಬರಿನ ಒಂದು ಭಾನುವಾರಕ್ಕೂ ಸುತ್ತು ಹಾಕಿದರು.

"ಕೊಯ್ಲಿಗೆ ಮೊದಲೇ ಬಾ," ಅಂದರು. "ನಾನೂ ಇರ್ತೇನೆ ಅವತ್ತು."